ಅತ್ತೆಗೆ ಮಹಡಿ ರೂಮೇ ಬೇಕು: ಸ್ಟೇರ್ ಲಿಫ್ಟ್ ತಕರಾರಿನ ಒಂದು ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಮೈಸೂರಿನ ಕುಟುಂಬ. ಅತ್ತೆಗೆ 70 ದಾಟಿದೆ, ಎರಡೂ ಮಂಡಿ ಸವೆದಿವೆ. ಆಪರೇಷನ್ ಬೇಡವೆಂದು ಹಟ. ಮಲಗುವ ರೂಮು ಮಹಡಿ ಮೇಲೆ. ಒಮ್ಮೆ ಮೆಟ್ಟಿಲಲ್ಲಿ ಎಡವಿದ ಮೇಲೆ ಮನೆಯಲ್ಲಿ ಜಗಳ ಶುರು. ಸೊಸೆಯದು, ಕೆಳಗಿನ ರೂಮಿಗೆ ಬನ್ನಿ ಅಂತ. ಅಮೆರಿಕದಲ್ಲಿರುವ ಕಿರಿಯ ಮಗನದು, ಸ್ಟೇರ್ ಲಿಫ್ಟ್ ಹಾಕಿಸಿ, ದುಡ್ಡು ನಾನು ಕಳಿಸ್ತೀನಿ ಅಂತ. ಸ್ಟೇರ್ ಲಿಫ್ಟ್ ಅಂದರೆ ಮೆಟ್ಟಿಲುದ್ದಕ್ಕೂ ಹಾಕಿದ ಕಂಬಿಯ ಮೇಲೆ ಓಡಿ, ಕೂತವರನ್ನು ಹತ್ತಿಳಿಸುವ ಕುರ್ಚಿ. ಜೊತೆಗಿರುವ ಹಿರಿಯ ಮಗ ನಡುವೆ ಸಿಕ್ಕಿಕೊಂಡು ಎಲ್ಲರನ್ನೂ ನನ್ನ ಹತ್ತಿರ ಕರೆತಂದರು. ಕಿರಿಯ ಮಗ ಫೋನಿನಲ್ಲಿ ಸೇರಿಕೊಂಡ.

ಮಾತೆಲ್ಲ ಬೆಲೆಯದ್ದೇ. ಕುರ್ಚಿ ಮೇಲೆ ಕೂರಬೇಕಾದವರು ಮಾತ್ರ ಸುಮ್ಮನಿದ್ದರು. "ಅಮ್ಮ, ಮಹಡಿ ಮೇಲೇ ಯಾಕೆ ಬೇಕು ನಿಮಗೆ?" ಎಂದೆ.

"ಕೆಳಗಿನ ರೂಮು ಹಾಲ್‌ಗೆ ಅಂಟಿಕೊಂಡಿದೆ. ಬಂದವರೆಲ್ಲ ಇಣುಕ್ತಾರೆ. ಮೇಲಾದ್ರೆ ಬಾಗಿಲು ಹಾಕ್ಕೊಂಡು ನನ್ನ ಪಾಡಿಗೆ ಇರ್ತೀನಿ. ಬಾಲ್ಕನೀಲಿ ನನ್ನ ಗಿಡ ಇವೆ."

ಸೊಸೆಗೆ ಕಣ್ಣು ತುಂಬಿತು. "ರಾತ್ರಿ ಮೇಲೆ ಬಿದ್ರೆ ನಮಗೆ ಗೊತ್ತೇ ಆಗಲ್ಲ ಮೇಡಂ. ಅದಕ್ಕೇ ಕೆಳಗೆ ಬನ್ನಿ ಅಂದಿದ್ದು." ಅತ್ತೆಗೆ ಇದು ಹೊಸ ಸುದ್ದಿ. ತನ್ನನ್ನು ಮೂಲೆಗೆ ತಳ್ಳುತ್ತಿದ್ದಾರೆ ಎಂದೇ ಅವರು ತಿಳಿದಿದ್ದರು.

ಸೊಸೆಯ ಭಯಕ್ಕೆ ಸ್ಟೇರ್ ಲಿಫ್ಟ್ ಮದ್ದಲ್ಲ. ಅದು ಮೆಟ್ಟಿಲು ದಾಟಿಸುತ್ತದೆ, ಅಷ್ಟೇ. ಬಚ್ಚಲಲ್ಲಿ ಜಾರಿದರೆ ಅದೇನು ಮಾಡೀತು? ಹಾಗಾಗಿ ಮೊದಲು ಹೇಳಿದ್ದು ಅಗ್ಗದ ಕೆಲಸಗಳು: ಬಚ್ಚಲಿಗೆ ಹಿಡಿಕೆ, ಹಾಸಿಗೆ ಪಕ್ಕ ಕೆಳಗೆ ಕೇಳುವಂಥ ಕಾಲಿಂಗ್ ಬೆಲ್, ರಾತ್ರಿ ದೀಪ. ಇವು ಆಗದೆ ಕುರ್ಚಿಯ ಮಾತು ಬೇಡ ಎಂದೆ.

ಇನ್ನು ಕುರ್ಚಿ. ಇವರ ಮೆಟ್ಟಿಲು ನಡುವೆ ತಿರುಗುತ್ತದೆ. ನೇರ ಮೆಟ್ಟಿಲಾದರೆ ಕಂಬಿಯನ್ನು ಅಳತೆಗೆ ಕತ್ತರಿಸಿ ಕೂರಿಸುತ್ತಾರೆ. ತಿರುವು ಇದ್ದರೆ ಆ ಮನೆಗೆಂದೇ ಬಾಗಿಸಿ ಮಾಡಬೇಕು. ಬೆಲೆ ತುಂಬಾ ಜಾಸ್ತಿ, ಬೇಡವಾದಾಗ ಬೇರೆ ಮನೆಗೆ ಹೊಂದುವುದೂ ಇಲ್ಲ. ಎರಡು ನೇರ ಕಂಬಿ ಹಾಕಿಸಿ ನಡುವೆ ಕುರ್ಚಿ ಬದಲಿಸಿದರೆ ಖರ್ಚು ಉಳಿಯುತ್ತದೆ ಎಂದು ಹಿರಿಯ ಮಗ ಲೆಕ್ಕ ಹಾಕಿದ್ದರು. ಮಂಡಿನೋವಿನವರಿಗೆ ಕೂರುವುದು, ಏಳುವುದೇ ಕಷ್ಟ ಅಲ್ವಾ? ಅದನ್ನು ಎರಡು ಪಟ್ಟು ಮಾಡುವುದು ನನಗೆ ಸರಿ ಕಾಣಲಿಲ್ಲ.

ಕಂಬಿಯನ್ನು ಸಾಮಾನ್ಯವಾಗಿ ಗೋಡೆಗಲ್ಲ, ಮೆಟ್ಟಿಲಿಗೇ ಬಿಗಿಯುತ್ತಾರೆ. ಗ್ರಾನೈಟ್‌ಗೆ ತೂತು ಬೀಳುತ್ತದೆ, ಅದಕ್ಕೆ ಮನಸ್ಸು ಮಾಡಿ ಎಂದೆ. ಕುರ್ಚಿ ಮಡಿಸಿದ ಮೇಲೆ ಉಳಿದವರಿಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಟೇಪ್ ಹಿಡಿದು ನೋಡಿ ಎಂದೂ ಹೇಳಿದೆ.

ಕೈಯಲ್ಲಿ ಗುಂಡಿ ಒತ್ತಿ ಹಿಡಿದಿದ್ದರಷ್ಟೇ ಹೆಚ್ಚಿನ ಕುರ್ಚಿಗಳು ಚಲಿಸುವುದು. ಬಿಟ್ಟರೆ ನಿಲ್ಲುತ್ತವೆ. ಅತ್ತೆಯ ಬೆರಳಿಗೂ ಸಂಧಿವಾತ. ಹಾಗಾಗಿ ಮುಂಗಡ ಕೊಡುವ ಮೊದಲು, ಈಗಾಗಲೇ ಹಾಕಿಸಿಕೊಂಡ ಯಾರದಾದರೂ ಮನೆಗೆ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಬೇಕೆಂದು ಒತ್ತಿ ಹೇಳಿದೆ. ಮೇಲೆ ತಲುಪಿದಾಗ ಕುರ್ಚಿ ಮೆಟ್ಟಿಲಿಗೆ ಬೆನ್ನು ಮಾಡಿ ತಿರುಗಿ ಲಾಕ್ ಆಗಬೇಕು. ಆಗ ಇಳಿಯುವುದು ಸಮತಟ್ಟು ನೆಲದ ಮೇಲೆ. ಬೆಲ್ಟ್ ಹಾಕಲು ಬರುತ್ತದೆಯೇ, ಕೈಯೂರಿ ಏಳಲಾಗುತ್ತದೆಯೇ ಎಂದು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಲಿ.

ಕರೆಂಟ್ ಹೋದರೆ? ಹೆಚ್ಚಿನವು ಬ್ಯಾಟರಿಯಲ್ಲೇ ಓಡುತ್ತವೆ, ಕರೆಂಟ್ ಇಲ್ಲದಿದ್ದರೂ ಕೆಲವು ಸುತ್ತು ಹತ್ತಿಳಿಯಬಹುದು. ಆದರೆ ಹಲವು ಕುರ್ಚಿಗಳು ನಿಗದಿಯಾದ ಜಾಗದಲ್ಲಿ ನಿಲ್ಲಿಸಿದರೆ ಮಾತ್ರ ಚಾರ್ಜ್ ಆಗುತ್ತವೆ. ಮೊಮ್ಮಕ್ಕಳು ಆಟವಾಡಿ ಅರ್ಧದಲ್ಲಿ ಬಿಟ್ಟರೆ ಕಷ್ಟ.

ತಕರಾರು ಇಲ್ಲಿಗೆ ಮುಗಿಯಲಿಲ್ಲ. "ತಮ್ಮ ಒಂದು ಸಲ ದುಡ್ಡು ಕಳಿಸಿ ಕೈತೊಳ್ಕೋತಾನೆ, ಆಮೇಲೆ ಸರ್ವಿಸ್‌ಗೆ ಓಡಾಡೋದು ನಾನು" ಎಂದರು ಹಿರಿಯ ಮಗ. ಸಿಟ್ಟು ನ್ಯಾಯವಾದದ್ದೇ. ವರ್ಷದ ನಿರ್ವಹಣೆ ಖರ್ಚು, ಕೆಲವು ವರ್ಷಕ್ಕೊಮ್ಮೆ ಹೊಸ ಬ್ಯಾಟರಿ, ಇವೂ ತಮ್ಮನ ಪಾಲಿಗಿರಲಿ ಎಂದು ಅಲ್ಲೇ ಮಾತಾಯಿತು. ಮೈಸೂರಿನಲ್ಲೇ ಮೆಕ್ಯಾನಿಕ್ ಇದ್ದಾನೆಯೇ, ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತಾನೆ ಎಂಬುದನ್ನು ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಲು ಹೇಳಿದೆ. ಬ್ರ್ಯಾಂಡ್‌ಗಿಂತ ನಾನು ಇದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಕಾಲಿಂಗ್ ಬೆಲ್ ಬಂದಿದೆ, ಬಚ್ಚಲಿಗೆ ಹಿಡಿಕೆಯೂ. ಅತ್ತೆ ಒಂದು ಮನೆಯಲ್ಲಿ ಕುರ್ಚಿ ಹತ್ತಿ ನೋಡಿ ಒಪ್ಪಿದ್ದಾರೆ. ತಿರುವಿನ ಕಂಬಿಗೆ ಎರಡು ಕಡೆ ಕೊಟೇಶನ್ ಕೇಳಿದ್ದಾರೆ. ಕುರ್ಚಿ ಬರುವತನಕ ಕೆಳಗಿನ ರೂಮಿನಲ್ಲಿ ಮಲಗಲು ಅತ್ತೆಯೇ ಒಪ್ಪಿದರು. ಒಂದೇ ಷರತ್ತು: ಬಾಗಿಲಿಗೆ ಚಿಲಕ, ಬರುವವರು ತಟ್ಟಿ ಬರಬೇಕು.