ಲಿಮೊಸಿನ್ ಡ್ರೈವರ್ ಆಗೋಕೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಸರ್ ನಮಸ್ಕಾರ, ನಾನು 8 ವರ್ಷದಿಂದ ಟ್ಯಾಕ್ಸಿ ಓಡಿಸ್ತಿದೀನಿ, ಇವತ್ತಿನವರೆಗೂ ಒಂದು ಆಕ್ಸಿಡೆಂಟ್ ಮಾಡಿಲ್ಲ. ಈಗ ಲಿಮೊಸಿನ್ ಸರ್ವೀಸಲ್ಲಿ ಕೆಲ್ಸ ಸಿಕ್ಕಿದೆ, ಮುಂದಿನ ತಿಂಗಳು ಸೇರ್ಬೇಕು. ಆದ್ರೆ ಆ ಉದ್ದದ ಗಾಡಿ ನೋಡಿದ್ರೆ ಎದೆ ಡವಡವ ಅನ್ನತ್ತೆ. ಮೊದ್ಲು ಏನು ಕಲೀಲಿ?

ಉತ್ತರ: 8 ವರ್ಷ ಓಡಿಸಿದ ಕೈ ಅಂದ್ರೆ ಪಳಗಿದ ಕೈ, ಭಯ ಬೇಡ. ಆದ್ರೆ ಆ ಕೈಗೆ ಒಂದೆರಡು ಹಳೇ ಅಭ್ಯಾಸ ಬಿಡಿಸ್ಬೇಕು. ಮೊದಲನೇದು ಟರ್ನಿಂಗ್. ಯಾವ ಗಾಡೀಲೇ ಆಗ್ಲಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರೀಲೇ ಬರಲ್ಲ, ಒಳಗಡೆ ಕತ್ತರಿಸ್ಕೊಂಡು ಬರತ್ತೆ, ಸಣ್ಣ ಕಾರಲ್ಲಿ ಅದು ನಮ್ಮ ಗಮನಕ್ಕೂ ಬರಲ್ಲ, ಆದ್ರೆ ಗಾಡಿ ಮಧ್ಯೆ ಕೊಯ್ದು ಉದ್ದ ಮಾಡಿರೋ ಸ್ಟ್ರೆಚ್ ಲಿಮೊಸಿನ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಷ್ಟೊಂದು ದೂರ ಇರತ್ತಲ್ಲ, ಅಲ್ಲಿ ಈ ಕತ್ತರಿಸೋದು ಬಾಗಿಲನ್ನೇ ಗೇಟಿನ ಕಂಬಕ್ಕೆ ಉಜ್ಜಿಸಿಬಿಡತ್ತೆ. ನಾನು ಹೊಸದ್ರಲ್ಲಿ ಹಾಗೆ ಒಂದು ಬಾಗಿಲು ಹಾಳು ಮಾಡಿದೀನಿ, ಮೂತಿ ಪಾಸಾಯ್ತು ಅಂತ ನೆಮ್ಮದಿಯಾಗಿ ಎದುರಿಗೆ ನೋಡ್ತಿದ್ದೆ, ಹಿಂದಿಂದ ಕರ್ ಅಂತ ಸದ್ದು ಬಂತು, ಒಳಗೆ ಕೂತಿದ್ದವರ ಮಾತು ಗಕ್ಕನೆ ನಿಂತೋಯ್ತು. ಆ ಮೌನ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಕೆಲ್ಸಕ್ಕೆ ಸೇರೋ ಮುಂಚೆ ಗಾಡಿ ಒಂದು ದಿನ ಕೇಳಿ ತಗೊಳ್ಳಿ, ಖಾಲಿ ಮೈದಾನಕ್ಕೆ ಹೋಗಿ ನೆಲಕ್ಕೆ ಒಂದಷ್ಟು ನೀರು ಚೆಲ್ಲಿ ಅದರ ಮೇಲೆ ಹತ್ತಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡ್ಸಿ, ಆಮೇಲೆ ಇಳಿದು ಒದ್ದೆ ಗುರುತು ನೋಡಿ. ಮುಂದಿನ ಟೈರಿನ ಗೆರೆಗೂ ಹಿಂದಿನ ಟೈರಿನ ಗೆರೆಗೂ ಎಷ್ಟು ಅಂತರ ಇದೆಯೋ ಹೆಜ್ಜೆ ಹಾಕಿ ಅಳೀರಿ, ಆ ಲೆಕ್ಕ ತಲೇಲಿ ಕೂತ್ರೆ ಯಾವ ತಿರುವಲ್ಲಿ ಎಷ್ಟು ಮುಂದೆ ಹೋಗಿ ಸ್ಟೇರಿಂಗ್ ತಿರುಗಿಸ್ಬೇಕು ಅಂತ ತಾನಾಗೇ ಬರತ್ತೆ. ಹಂಪ್ ವಿಷ್ಯನೂ ಹೀಗೇ, ಮುಂದಿನ ಚಕ್ರ ದಾಟಿ ಹಿಂದಿನದು ಇನ್ನೂ ಬರದೇ ಇರುವಾಗ ಗಾಡಿಯ ಹೊಟ್ಟೆ ತಾಗತ್ತೆ. ದಿಬ್ಬದ ಥರ ಇರೋ ಗೇಟು, ಎತ್ತರದ ಹಂಪು, ಇವು ಎಲ್ಲೆಲ್ಲಿವೆ ಅಂತ ಹಿಂದಿನ ದಿನಾನೇ ರೂಟ್ ನೋಡ್ಕೊಂಡು ಬನ್ನಿ, ಮ್ಯಾಪು ನಿಮಗೆ ಇದನ್ನ ಹೇಳಲ್ಲ.

ಬ್ರೇಕು ಇನ್ನೊಂದು. ಗಾಡಿ ಭಾರ ಜಾಸ್ತಿ, ಜನ ತುಂಬಿದ್ರೆ ಇನ್ನೂ ಜಾಸ್ತಿ, ನಿಲ್ಲೋಕೆ ಟ್ಯಾಕ್ಸಿಗಿಂತ ಉದ್ದ ಜಾಗ ಬೇಕು. ಪೂರ್ತಿ ನಿಲ್ಲೋ ಕೊನೇ ಕ್ಷಣದಲ್ಲಿ ಪೆಡಲ್ ಮೇಲಿನ ಒತ್ತಡ ಒಂಚೂರು ಸಡಿಲ ಮಾಡಿ, ಆಗ ಮೂತಿ ಕುಕ್ಕಿ ತಲೆ ಅಲ್ಲಾಡೋದು ಇರಲ್ಲ. ಒಂದು ಲೋಟಕ್ಕೆ ಮುಕ್ಕಾಲು ನೀರು ಹಾಕಿ ಹಿಂದಿನ ಸೀಟ್ ಪಕ್ಕ ಭದ್ರವಾಗಿ ಇಟ್ಟು ಪ್ರಾಕ್ಟೀಸ್ ಮಾಡಿ, ಲೋಟದ ಅಂಚು ಒಣಗೇ ಇರೋವರೆಗೂ.

ಪ್ರಶ್ನೆ: ಪ್ಯಾಸೆಂಜರ್ ಜೊತೆ ಮಾತಾಡ್ಬೇಕಾ ಸುಮ್ನಿರ್ಬೇಕಾ? ಡ್ರೆಸ್ ಎಲ್ಲ ಹೇಗೆ?

ಉತ್ತರ: ಹೆಸರು ಹೇಳಿ ನಮಸ್ಕಾರ ಮಾಡಿ, ಹೋಗೋ ಜಾಗ ಒಂದ್ಸಲ ಕನ್‌ಫರ್ಮ್ ಮಾಡ್ಕೊಳ್ಳಿ, ಎಸಿ ಸರಿ ಇದೆಯಾ ಕೇಳಿ, ಆಮೇಲೆ ಅವರು ಮಾತಾಡಿಸಿದ್ರೆ ಮಾತ್ರ. ಲಿಮೊಸಿನ್ ಅಂದ್ರೇನೇ ಡ್ರೈವರ್‌ಗೂ ಹಿಂದಿನವರಿಗೂ ಮಧ್ಯೆ ಒಂದು ತಡೆ ಇರೋ ಗಾಡಿ, ಗ್ಲಾಸ್ ಇಲ್ಲದಿದ್ರೂ ಆ ತಡೆ ನಾವು ಇಟ್ಕೋಬೇಕು. ಹಿಂದೆ ಕೇಳಿಸಿದ ಮಾತು ಗಾಡಿ ಇಳಿದ ಮೇಲೆ ಮನೇಲೂ ಬಾಯಿಗೆ ಬರಬಾರದು. ಬಟ್ಟೆ ಕಡುಬಣ್ಣದ ಸೂಟು, ಪಾಲಿಶ್ ಹಾಕಿದ ಶೂ, ಸೆಂಟ್ ಮಾತ್ರ ಬೇಡ, ಮುಚ್ಚಿದ ಗಾಡೀಲಿ ಕೆಲವರಿಗೆ ತಲೆನೋವು ಬರತ್ತೆ. 15 ನಿಮಿಷ ಮುಂಚೆನೇ ಜಾಗದಲ್ಲಿರಿ, ಏರ್‌ಪೋರ್ಟ್ ಪಿಕಪ್ ಆದ್ರೆ ಫ್ಲೈಟ್ ನಂಬರ್ ಹಾಕಿ ನಿಜವಾಗ್ಲೂ ಎಷ್ಟೊತ್ತಿಗೆ ಇಳಿಯತ್ತೆ ಅಂತ ಮೊಬೈಲಲ್ಲಿ ನೋಡ್ತಿರಿ. ಬಾಗಿಲು ಯಾವಾಗ್ಲೂ ಫುಟ್‌ಪಾತ್ ಕಡೆದನ್ನೇ ತೆಗೀರಿ.

ಪ್ರಶ್ನೆ (ಇನ್ನೊಬ್ಬ ಓದುಗರಿಂದ): ಸೇರಿ 2 ತಿಂಗಳಾಯ್ತು. ಬ್ರೇಕ್ ಪೆಡಲ್ ಯಾಕೋ ತುಂಬಾ ಕೆಳಗೆ ಹೋಗ್ತಿದೆ ಅಂದ್ರೆ ಓನರ್ ‘ಏನೂ ಆಗಲ್ಲ ಹೋಗು, ಈ ಟ್ರಿಪ್ ಮುಗಿಸ್ಕೊಂಡು ಬಾ’ ಅಂತಾರೆ. ಹೊಸಬ ನಾನು, ಎದುರು ಮಾತಾಡೋಕೆ ಭಯ.

ಉತ್ತರ: ತಮ್ಮಾ, ಆ ಗಾಡಿ ಹತ್ತಬೇಡ. ಇದು ಕೈ ಮುಗಿದು ಹೇಳ್ತಿರೋದು. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿಯಲ್ಲಿ ಒಂದು ಸ್ಟ್ರೆಚ್ ಲಿಮೊಸಿನ್ ಇಳಿಜಾರಲ್ಲಿ ಬ್ರೇಕ್ ಫೇಲಾಗಿ 20 ಜನ ಸತ್ರು, ಒಳಗಿದ್ದ 17 ಪ್ಯಾಸೆಂಜರ್, ಡ್ರೈವರ್, ಪಾಪ ಅಲ್ಲಿ ನಿಂತಿದ್ದ ಇಬ್ಬರು. ಅದರ ಹಿಂದಿನ ತಿಂಗಳೇ ಇನ್‌ಸ್ಪೆಕ್ಷನ್‌ನಲ್ಲಿ ಆ ಗಾಡಿ ರೋಡಿಗೆ ಇಳೀಬಾರ್ದು ಅಂತ ಆಗಿತ್ತು, ಡ್ರೈವರ್ ಹತ್ರ ಆ ಸೈಜಿನ ಗಾಡಿಗೆ ಬೇಕಾದ ಲೈಸೆನ್ಸೂ ಇರ್ಲಿಲ್ಲ. ಅವರಿಗೂ ಯಾರೋ ಹೋಗು ಅಂದಿದ್ದಕ್ಕೇ ಹೊರಟಿದ್ದು. ಅದಕ್ಕೆ ನಿನ್ನ ಲೈಸೆನ್ಸ್ ಈ ಗಾಡಿಗೆ, ಇಷ್ಟು ಸೀಟಿಗೆ ಆಗತ್ತಾ ಅಂತಾನೂ ಇವತ್ತೇ ತೆಗೆದು ನೋಡು.

ಪೆಡಲ್ ವಿಷ್ಯಕ್ಕೆ ಬಂದ್ರೆ, ಇಂಜಿನ್ ಆನ್ ಮಾಡಿ ನಿಂತಲ್ಲೇ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿ. ಕಾಲಡಿ ಮೆಲ್ಲಗೆ ಕುಸೀತಾ ಹೋದ್ರೆ ಎಲ್ಲೋ ಲೀಕ್ ಇದೆ ಇಲ್ಲಾ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಮಾಸ್ಟರ್ ಸಿಲಿಂಡರ್ ಹೋಗಿದೆ, ಸ್ಪಂಜ್ ಥರ ಮೆತ್ತಗಿದ್ರೆ ಪೈಪಲ್ಲಿ ಗಾಳಿ ಸೇರಿರ್ಬೋದು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಮಟ್ಟ ನೋಡು. ಓನರ್ ಹತ್ರ ಜಗಳ ಬೇಡ, ತಾರೀಕು, ಟೈಮು, ಏನಾಗ್ತಿದೆ ಅಂತ ಬರೆದು ಮೆಸೇಜ್ ಹಾಕು, ಬರವಣಿಗೇಲಿ ಬಂದ್ರೆ ‘ಏನೂ ಆಗಲ್ಲ’ ಅಂತ ವಾಪಸ್ ಬರೆಯೋಕೆ ಯಾರಿಗೂ ಧೈರ್ಯ ಬರಲ್ಲ. ನಾಳೆ ಬೆಳಗ್ಗೆ ಗಾಡಿ ನಿಂತಲ್ಲೇ ಬಗ್ಗಿ ನಾಲ್ಕೂ ಚಕ್ರದ ಒಳಮಗ್ಗಲು ಟಾರ್ಚ್ ಹಾಕಿ ನೋಡು, ಎಣ್ಣೆ ಥರ ಒದ್ದೆ ಕಂಡ್ರೆ ಒಂದು ಫೋಟೋ ತಗೊ, ಕಾಣದಿದ್ರೂ ಮೆಕ್ಯಾನಿಕ್ ಬಂದು ನೋಡೋವರೆಗೂ ಕೀ ನಿನ್ನ ಜೇಬಲ್ಲೇ ಇಟ್ಕೊ.