ಹಳೆಯ ಪ್ರಾಸೆಸ್ ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನಮ್ಮ ಲೋಡ್ ಬ್ಯಾಲೆನ್ಸರ್ (ಬರುವ ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ತಂತ್ರಾಂಶ) ಎಚ್‌ಎಪ್ರಾಕ್ಸಿ. ಸೆಟ್ಟಿಂಗ್ ಬದಲಿಸಿ ರೀಲೋಡ್ ಮಾಡಿದಾಗಲೆಲ್ಲ ಹೊಸ ಪ್ರಾಸೆಸ್ ಶುರುವಾದರೂ ಹಳೆಯ ಪ್ರಾಸೆಸ್ ಗಂಟೆಗಟ್ಟಲೆ ಉಳಿದು ಮೆಮೊರಿ ತಿನ್ನುತ್ತದೆ. ಕೊಂದುಬಿಡಲೇ? ಮ್ಯಾಕ್ಸ್‌ಕಾನ್ (ಏಕಕಾಲಕ್ಕೆ ಎಷ್ಟು ಕನೆಕ್ಷನ್ ಎಂಬ ಮಿತಿ) ಏರಿಸಿದರೆ ಸರಿಹೋದೀತೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೊಲ್ಲಬೇಡಿ ಮಾರಾಯ್ರೇ! ಅದು ಸುಮ್ನೆ ಕೂತಿಲ್ಲ. ಹೊಸ ಕನೆಕ್ಷನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಇರುವವು ಮುಗಿಯಲಿ ಎಂದು ಕಾಯುತ್ತಿದೆ. ನಿಮ್ಮಲ್ಲಿ ಚಾಟ್‌ಗೋ ಡ್ಯಾಶ್‌ಬೋರ್ಡ್‌ಗೋ ವೆಬ್‌ಸಾಕೆಟ್ (ಬಹಳ ಹೊತ್ತು ತೆರೆದೇ ಇರುವ ಕನೆಕ್ಷನ್) ಇರಬೇಕು, ಅಲ್ವಾ? ಬ್ರೌಸರ್ ಟ್ಯಾಬ್ ಮುಚ್ಚುವ ತನಕ ಅದು ಬಿಡುವುದಿಲ್ಲ. ಕಾನ್ಫಿಗ್ ಫೈಲ್‌ನ ಗ್ಲೋಬಲ್ ವಿಭಾಗದಲ್ಲಿ ‘ಹಾರ್ಡ್-ಸ್ಟಾಪ್-ಆಫ್ಟರ್’ ಸೇರಿಸಿ, 5 ನಿಮಿಷ ಕೊಡಿ. ಅಷ್ಟು ಕಾದು, ಉಳಿದದ್ದನ್ನು ಕಡಿದು ಹೊರಡುತ್ತದೆ. ಇದನ್ನು ಬರೆಯದಿದ್ದರೆ ಗಡುವೇ ಇಲ್ಲ.

ಕೈಯಾರೆ ನಿಲ್ಲಿಸುವಾಗಲೂ ಜೋಪಾನ. ಪ್ರಾಸೆಸ್‌ಗೆ ಸಿಗ್‌ಟರ್ಮ್ ಎಂಬ ಸಿಗ್ನಲ್ ಕಳಿಸಿದರೆ ಎಲ್ಲ ಕನೆಕ್ಷನ್ ಆಗಲೇ ಕಡಿಯುತ್ತದೆ. ಮೆಲ್ಲಗೆ ನಿಲ್ಲಿಸಲು ಸಿಗ್‌ಯುಎಸ್‌ಆರ್1 ಸಿಗ್ನಲ್ ಕಳಿಸಿ.

ಮ್ಯಾಕ್ಸ್‌ಕಾನ್ ಕಥೆಯೇ ಬೇರೆ. ಏರಿಸಿದರೆ ಮೆಮೊರಿ ಇನ್ನೂ ಜಾಸ್ತಿ ಬೇಕು. ಕಾನ್ಫಿಗ್‌ನ ‘ಸರ್ವರ್’ ಸಾಲಿನಲ್ಲಿ ಈ ಮಿತಿ ಹಾಕಿದರೆ ಹೆಚ್ಚಾದ ವಿನಂತಿಗಳು ಸರದಿಯಲ್ಲಿ ನಿಲ್ಲುತ್ತವೆ. ‘ಟೈಮ್‌ಔಟ್ ಕ್ಯೂ’ (ಸರದಿಯಲ್ಲಿ ಕಾಯುವ ಗಡುವು) ಮೀರಿದರೆ 503 ಎರರ್, ಅಂದರೆ ‘ಸೇವೆ ಲಭ್ಯವಿಲ್ಲ’. ಎಲ್ಲ ವಿನಂತಿ ಒಮ್ಮೆಲೇ ನುಗ್ಗಿ ಡೇಟಾಬೇಸ್ ಮಲಗುವುದಕ್ಕಿಂತ ಅರ್ಧ ಸೆಕೆಂಡ್ ಸರದಿಯೇ ವಾಸಿ ಅಂತ ನನ್ನ ಲೆಕ್ಕ. ಎಚ್‌ಎಪ್ರಾಕ್ಸಿಯ ಸ್ಟ್ಯಾಟ್ಸ್ (ಅಂಕಿಅಂಶ) ಪುಟದ ಕ್ಯೂ ಕಾಲಂ ನೋಡಿಕೊಂಡೇ ಮ್ಯಾಕ್ಸ್‌ಕಾನ್ ಸಂಖ್ಯೆ ಮುಟ್ಟಿ.