ಭಾಷಣ ಬಿಟ್ಟು, ಸಾಮಾನ್ಯ ಜನರಲ್ಲಿ ನಾಗರಿಕ ಜವಾಬ್ದಾರಿ ಬೆಳೆಸಲು ಒಬ್ಬರಿಂದ ಏನಾದರೂ ಆಗುತ್ತದಾ?

ಪ್ರಶ್ನೆಯ ಕೆಳಗೆ ನೀವು ಬರೆದ ನಾಲ್ಕು ಸಾಲನ್ನೂ ಓದಿದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದೀರಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದರೆ ಯಾರೂ ಕೇಳುವುದಿಲ್ಲ. ಮೀಟಿಂಗಿಗೆ ಕರೆದರೆ ಬರುವುದಿಲ್ಲ. ಮೇಂಟೆನೆನ್ಸ್ ದುಡ್ಡಿನ ವಿಷಯದಲ್ಲಿ ಒಬ್ಬರಿಗೆ ಒಬ್ಬರ ಮೇಲೆ ನಂಬಿಕೆ ಇಲ್ಲ. 'ನಮ್ಮ ಜನರೇ ಹೀಗಾ?' ಎಂದು ಕೇಳಿದ್ದೀರಿ.

ನಾನು ಕಾಸರಗೋಡು ಜಿಲ್ಲೆಯ ಒಳಗಿನ ಹಳ್ಳಿಯವನು. ಅಡಿಕೆ ತೋಟ, ನಾಲ್ಕು ದನ, ಅಷ್ಟೇ. ಅಪಾರ್ಟ್‌ಮೆಂಟಿನ ವಿಷಯ ನನಗೆ ಗೊತ್ತಿಲ್ಲ. ಊರಿನವರ ಬಗ್ಗೆ ಹೇಳುವ ಮೊದಲು ನಮ್ಮ ಮನೆಯದ್ದೇ ಮಾನ ಹೋಗುವ ಒಂದು ವಿಷಯ ಹೇಳಿಬಿಡುತ್ತೇನೆ.

2021ರವರೆಗೆ ನಮ್ಮ ಮನೆಯಲ್ಲಿ ಪಿಂಕ್ ರೇಷನ್ ಕಾರ್ಡ್ ಇತ್ತು. ಕೇರಳದಲ್ಲಿ ಕಾರ್ಡಿಗೆ ನಾಲ್ಕು ಬಣ್ಣ ಉಂಟು. ತೀರಾ ಬಡವರಿಗೆ ಹಳದಿ, ಅದಕ್ಕಿಂತ ಸ್ವಲ್ಪ ಮೇಲಿನವರಿಗೆ ಪಿಂಕ್, ಆಮೇಲೆ ನೀಲಿ, ಕೊನೆಗೆ ಬಿಳಿ. ಪಿಂಕ್ ಇದ್ದರೆ ತಲೆಗೆ ನಾಲ್ಕು ಕಿಲೋ ಅಕ್ಕಿ, ಒಂದು ಕಿಲೋ ಗೋಧಿ. ಆಗ ಕಿಲೋಗೆ ಎರಡು ರೂಪಾಯಿ. ಅದು ಯಾರಿಗೆ ಸಲ್ಲದು ಎಂಬುದಕ್ಕೂ ಪಟ್ಟಿ ಉಂಟು. ಒಂದು ಎಕರೆಗಿಂತ ಜಾಸ್ತಿ ಜಾಗ, 1,000 ಚದರಡಿಗಿಂತ ದೊಡ್ಡ ಮನೆ, ನಾಲ್ಕು ಚಕ್ರದ ಗಾಡಿ, ತಿಂಗಳಿಗೆ 25,000 ರೂಪಾಯಿಗಿಂತ ಹೆಚ್ಚು ವರಮಾನ, ಸರಕಾರಿ ಕೆಲಸ. ಇವುಗಳಲ್ಲಿ ಒಂದು ಇದ್ದರೂ ಕಾರ್ಡ್ ಇಟ್ಟುಕೊಳ್ಳುವ ಹಾಗಿಲ್ಲ. ನಮಗೆ ಮೂರು ಇತ್ತು.

ಸುಳ್ಳು ಹೇಳಿ ಮಾಡಿಸಿದ ಕಾರ್ಡಲ್ಲ ಅದು. ಮಾಡಿಸುವಾಗ ಜಾಗ ಅಜ್ಜನ ಹೆಸರಿನಲ್ಲಿತ್ತು, ಮನೆ ಸಣ್ಣದಿತ್ತು. ಆಮೇಲೆ ಪಾಲಾಯಿತು, ಮನೆ ಉದ್ದವಾಯಿತು, ಸೆಕೆಂಡ್ ಹ್ಯಾಂಡ್ ಆಲ್ಟೋ ಬಂತು. ಕಾರ್ಡಿನ ಬಣ್ಣ ಮಾತ್ರ ಬದಲಾಗಲಿಲ್ಲ. 'ನಾವಾಗಿ ಕೇಳಿದ್ದಾ? ಅವರೇ ಕೊಡುತ್ತಿದ್ದಾರೆ' ಎಂದು ಅಪ್ಪ ಹೇಳುತ್ತಿದ್ದರು. ಅಡಿಕೆಗೆ ಕೊಳೆರೋಗ ಬಂದ ವರ್ಷ ನಾವೂ ಬಡವರೇ ಅಲ್ವಾ ಎಂದು ನಾನು ಹೇಳುತ್ತಿದ್ದೆ. ಆದರೆ ರೇಷನ್ ಅಂಗಡಿಗೆ ಹೋಗುವಾಗ ಕಾರನ್ನು ಅಂಗಡಿಯ ಎದುರು ನಿಲ್ಲಿಸುತ್ತಿರಲಿಲ್ಲ. ತಿರುವಿನ ಆಚೆ ನಿಲ್ಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಬರುತ್ತಿದ್ದೆ. ತಪ್ಪು ಅಂತ ನನಗೆ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಕಾರ್ಡ್ ವಾಪಸು ಮಾಡಲು ಕಾರಣವಾದದ್ದು ಒಂದು ಕ್ಯೂ. ನನ್ನ ಮುಂದೆ ಪಕ್ಕದ ಮನೆಯ ಬೀಡಿ ಕಟ್ಟುವ ಅಕ್ಕ ನಿಂತಿದ್ದರು. ಅವರ ಕೈಯಲ್ಲಿ ಬಿಳಿ ಕಾರ್ಡ್. ನನಗೆ ಆಶ್ಚರ್ಯ. 'ನಿಮಗೆ ಪಿಂಕ್ ಆಗಲಿಲ್ವಾ ಅಕ್ಕ?' ಎಂದು ಕೇಳಿದೆ. 'ಅರ್ಜಿ ಕೊಟ್ಟಿದ್ದೇನೆ ಅಣ್ಣ. ಯಾರಾದರೂ ಬಿಟ್ಟರೆ ಆಗುತ್ತದಂತೆ' ಎಂದರು.

ಯಾರಾದರೂ ಬಿಟ್ಟರೆ! ಈ ಲೆಕ್ಕ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಒಂದೊಂದು ರಾಜ್ಯಕ್ಕೂ ಇಷ್ಟೇ ಜನ ಎಂದು ಮಿತಿ ಹಾಕಿದ್ದಾರೆ. ಕೇರಳಕ್ಕೆ ಸುಮಾರು 1.54 ಕೋಟಿ. ಬಸ್ಸಿನ ಸೀಟಿನ ಹಾಗೆ. ಒಬ್ಬ ಏಳದೆ ಇನ್ನೊಬ್ಬ ಕೂರುವ ಹಾಗಿಲ್ಲ. ನಾನು ತಿನ್ನುತ್ತಿದ್ದದ್ದು 'ಸರಕಾರದ' ಅಕ್ಕಿ ಎಂದುಕೊಂಡಿದ್ದೆ. ಅದು ಆ ಅಕ್ಕನಂಥವರ ಮನೆಯ ಅಕ್ಕಿ.

ಅದೇ ಹೊತ್ತಿಗೆ ಸರಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಅರ್ಹತೆ ಇಲ್ಲದವರು ಇಷ್ಟು ದಿನದೊಳಗೆ ತಾವಾಗಿ ಕಾರ್ಡ್ ತಂದುಕೊಟ್ಟರೆ ದಂಡ ಇಲ್ಲ, ಕೇಸು ಇಲ್ಲ ಎಂದಿತು. ನಾನೂ ಅಪ್ಪನೂ ತಾಲೂಕು ಸಪ್ಲೈ ಆಫೀಸಿಗೆ ಹೋದೆವು. ಅಲ್ಲಿ ನಮ್ಮ ಹಾಗೆ ಮುಖ ತಗ್ಗಿಸಿಕೊಂಡು ನಿಂತವರ ಸಾಲೇ ಇತ್ತು. ಬಿಳಿ ಕಾರ್ಡ್ ತೆಗೆದುಕೊಂಡು ಬಂದೆವು. ಬೀಡಿ ಕಟ್ಟುವ ಅಕ್ಕನಿಗೆ ಕೆಲವು ತಿಂಗಳ ಮೇಲೆ ಪಿಂಕ್ ಆಯಿತು. ನಾವು ಬಿಟ್ಟ ಜಾಗವೇ ಅವರಿಗೆ ಸಿಕ್ಕಿತು ಎಂದು ಹೇಳಿ ಬೆನ್ನು ತಟ್ಟಿಕೊಳ್ಳುವ ಹಾಗೇನೂ ಇಲ್ಲ. ಅಪ್ಪ ಈಗಲೂ ಬಿಳಿ ಕಾರ್ಡಿನ ಅಕ್ಕಿಯ ರೇಟು ಕೇಳಿದಾಗ ಒಮ್ಮೆ ನನ್ನ ಮುಖ ನೋಡುತ್ತಾರೆ.

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಎಂದರೆ, ನಮ್ಮನ್ನು ಬದಲಾಯಿಸಿದ್ದು ಉಪದೇಶ ಅಲ್ಲ. ಯಾರಿಗೆ ನಷ್ಟ ಆಗುತ್ತಿದೆ ಎಂಬುದು ಕಣ್ಣಿಗೆ ಬಿತ್ತು. ಮಾನ ಹೋಗದೆ ಹಿಂದೆ ಬರಲು ಒಂದು ಬಾಗಿಲು ತೆರೆದಿತ್ತು. ಎರಡರಲ್ಲಿ ಒಂದು ಇಲ್ಲದಿದ್ದರೂ ನಾನು ಈಗಲೂ ಕಾರನ್ನು ತಿರುವಿನ ಆಚೆಯೇ ನಿಲ್ಲಿಸುತ್ತಿದ್ದೆ.

ಈಗ ಊರಿನ ವಿಷಯ. ನಮ್ಮ ಜಿಲ್ಲೆಯಲ್ಲಿ 12 ಹೊಳೆಗಳುಂಟು. ವರ್ಷಕ್ಕೆ ಹತ್ತಿರ ಹತ್ತಿರ 3,500 ಮಿಲಿಮೀಟರ್ ಮಳೆ. ಆದರೂ ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಗುಡ್ಡೆ ಇಳಿಜಾರು, ಮಣ್ಣು ಮುರಕಲ್ಲು (ಜಂಬಿಟ್ಟಿಗೆ), ನೀರು ನಿಲ್ಲುವುದಿಲ್ಲ. ಅದಕ್ಕೆ ಹಿರಿಯರು ಕಂಡುಕೊಂಡ ದಾರಿ ಕಟ್ಟ. ಮಳೆ ಬಿಟ್ಟು ತೋಡಿನ, ಅಂದರೆ ಸಣ್ಣ ಹಳ್ಳದ, ಹರಿವು ಇಳಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಕಲ್ಲು ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟುವುದು. ಮುಂದಿನ ಮಳೆಗೆ ಮೊದಲು ಬಿಡಿಸುವುದು. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು.

ಕಟ್ಟದ ಒಂದು ಗುಣ ಕೇಳಿ. ನನ್ನ ತೋಟದ ಎದುರು ನಾನು ಕಟ್ಟ ಹಾಕಿದರೆ ನನಗೊಬ್ಬನಿಗೇ ನೀರು ಸಿಗುವುದಿಲ್ಲ. ಅಕ್ಕಪಕ್ಕದ ಬಾವಿಗಳಿಗೂ ಒಸರು ಹೋಗುತ್ತದೆ. ನನ್ನ ಕಟ್ಟದಿಂದ ಸೋರಿದ ನೀರು ಕೆಳಗಿನವನ ಕಟ್ಟ ತುಂಬಿಸುತ್ತದೆ. ಒಂದೇ ತೋಡಿನಲ್ಲಿ ಸಾಲಾಗಿ ಕಟ್ಟ ಇದ್ದರೆ ಇಡೀ ಬೈಲು, ಅಂದರೆ ತೋಡಿನ ಎರಡೂ ಬದಿಯ ತೋಟ ಗದ್ದೆ, ತಂಪು. ಒಬ್ಬನೇ ಕಟ್ಟಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಬೋರ್‌ವೆಲ್ ಬಂದ ಮೇಲೆ 'ನನ್ನ ನೀರು ನನಗೆ' ಎಂದಾಯಿತು, ಕಟ್ಟ ಕಡಿಮೆಯಾಯಿತು. ಕುಂಬ್ಡಾಜೆ ಪಂಚಾಯತಿನ ಏತಡ್ಕದವರು ಕಟ್ಟಗಳಿಗೆ ಮತ್ತೆ ಜೀವ ಕೊಟ್ಟರು. ಅದನ್ನು ನೋಡಿ ಬಂದ ಮೇಲೆ ನಮ್ಮ ಬೈಲಿನವರೂ ಶುರು ಮಾಡಿದೆವು.

ಮೊದಲ ವರ್ಷ ಜಗಳ. ಯಾರು ಎಷ್ಟು ಕೆಲಸ ಮಾಡಿದರು, ಯಾರು ಎಷ್ಟು ಕೊಟ್ಟರು ಎಂಬುದು ಒಬ್ಬರ ಪುಸ್ತಕದಲ್ಲಿತ್ತು. ಆ 'ಒಬ್ಬರು' ನಾನೇ. ಕೊನೆಗೆ ಲೆಕ್ಕ ಮಾಡುವಾಗ 340 ರೂಪಾಯಿ ಕಡಿಮೆ ಬಂತು. ಎಲ್ಲಿ ಹೋಯಿತು ಅಂತ ನನಗೇ ಗೊತ್ತಿಲ್ಲ. ಸುಮ್ನೆ ಕೈಯಿಂದ ಹಾಕಿ ಮುಗಿಸಬಹುದಿತ್ತು. ಕಾರ್ಡಿನ ಕಥೆ ಇನ್ನೂ ಹಸಿ ಇತ್ತಲ್ಲ, ಎಲ್ಲರ ಎದುರು ಹೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, 'ಬರುವ ವರ್ಷ ಗೋಡೆಯಲ್ಲಿ ಬರೆಯುವ ಮಾರಾಯ, ನಿನ್ನ ತಲೆನೋವೂ ಹೋಗುತ್ತದೆ' ಎಂದರು. ನಗು ಬಂತು. ಮುಗಿಯಿತು.

ಮರುವರ್ಷದಿಂದ ಹಾಲಿನ ಸೊಸೈಟಿಯ ಗೋಡೆಯಲ್ಲಿ ಕಪ್ಪು ಬೋರ್ಡು. ಹೆಸರು, ಕೆಲಸಕ್ಕೆ ಬಂದ ದಿನ, ಕೊಟ್ಟ ದುಡ್ಡು, ಖರ್ಚು. ಬೆಳಿಗ್ಗೆ ಹಾಲು ತರುವವರೆಲ್ಲ ನೋಡುತ್ತಾರೆ. ಒಬ್ಬರು ಕೆಲಸಕ್ಕೆ ಬಾರದೇ, ನೀರು ಎತ್ತಲು ಪಂಪ್ ಮಾತ್ರ ಇಟ್ಟಿದ್ದರು. ಯಾರೂ ಏನೂ ಹೇಳಲಿಲ್ಲ. ಅವರ ಹೆಸರಿನ ಎದುರು ಖಾಲಿ ಇತ್ತು, ಅಷ್ಟೇ. ಅದರ ಮರುವರ್ಷ ಇಬ್ಬರು ಆಳುಗಳನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲು ಅವರೇ ತೋಡಿಗೆ ಇಳಿದಿದ್ದರು. ಹಾಗಂತ ಎಲ್ಲರೂ ಸರಿಯಾದರು ಎಂದಲ್ಲ. ಬೋರ್ಡಿನ ಕಡೆ ತಲೆ ಎತ್ತಿಯೂ ನೋಡದವರು ಇಬ್ಬರಿದ್ದಾರೆ. ಅವರ ಬಾವಿಗೂ ನೀರು ಹೋಗುತ್ತದೆ. ಹೋಗಲಿ.

ಕಸದ ವಿಷಯ ನೀವು ಕೇಳಿದ್ದೀರಿ. ಇಲ್ಲಿ ಹರಿತ ಕರ್ಮ ಸೇನೆ ಎಂದು ಉಂಟು. ಹೆಂಗಸರ ಗುಂಪು, ಹೆಚ್ಚಿನವರು ಕುಟುಂಬಶ್ರೀ ಎಂಬ ಸರಕಾರಿ ಮಹಿಳಾ ಸ್ವಸಹಾಯ ಯೋಜನೆಯವರು. ಮನೆ ಮನೆಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಾರೆ. ಹಳ್ಳಿಯಲ್ಲಿ ತಿಂಗಳಿಗೆ 50 ರೂಪಾಯಿ. ಶುರುವಿನಲ್ಲಿ 'ನಮ್ಮ ಕಸಕ್ಕೆ ನಾವೇ ದುಡ್ಡು ಕೊಡುವುದಾ? ತೋಟದ ಬದಿಯಲ್ಲಿ ಬೆಂಕಿ ಹಾಕಿದರಾಯಿತು' ಎಂದವರೇ ಜಾಸ್ತಿ. ನಾನೂ ಹಾಕಿದವನೇ. ನಮ್ಮ ಮನೆಯಲ್ಲಿ ಅದು ನಿಂತದ್ದು ಹೆಂಡತಿಯಿಂದ. ಒಂದು ದಿನ ಬಂದ ಆ ಅಕ್ಕಂದಿರಿಗೆ ಮಜ್ಜಿಗೆ ಕೊಟ್ಟು ಜಗಲಿಯಲ್ಲಿ ಕೂರಿಸಿ ಮಾತಾಡಿಸಿದಳು. ಕೊಳೆತ ಅನ್ನ ಮೆತ್ತಿದ ಪ್ಲಾಸ್ಟಿಕನ್ನು ಕೈಯಲ್ಲಿ ಹೆಕ್ಕುವ ಕಷ್ಟ ಹೇಳಿದರು. ಅಂದಿನಿಂದ ನಮ್ಮ ಹಾಲಿನ ಕವರು ಬಟ್ಟೆಯ ಜೊತೆ ಹಗ್ಗದಲ್ಲಿ ಒಣಗುತ್ತದೆ. ನಿಮ್ಮಲ್ಲಿ ಕಸ ಒಯ್ಯುವವರ ಜೊತೆ ಕೂತು ಮಾತಾಡಿದವರು ಎಷ್ಟು ಜನ?

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ರಸ್ತೆ ಬದಿ ಕಸ ಎಸೆಯುವವರ ಫೋಟೊ ತೆಗೆದು ಕಳಿಸಿದರೆ ದಂಡದಲ್ಲಿ ಒಂದು ಪಾಲು ಬಹುಮಾನ ಎಂಬ ವ್ಯವಸ್ಥೆಯೂ ಇಲ್ಲಿ ಬಂದಿದೆ. ಲಾರಿಯಲ್ಲಿ ಕಸ ತಂದು ಸುರಿಯುವವರನ್ನು ಹಿಡಿಯಲು ಅದು ಬೇಕು. ಆದರೆ ಊರೊಳಗೆ ಒಬ್ಬರು ಇನ್ನೊಬ್ಬರ ಹಿಂದೆ ಫೋನು ಹಿಡಿದುಕೊಂಡು ಹೋಗುವುದು ನನಗೆ ಸೇರುವುದಿಲ್ಲ.

ಮೀಟಿಂಗಿಗೆ ಜನ ಬಾರದ್ದು ಇಲ್ಲಿಯ ಸಮಸ್ಯೆಯೂ ಹೌದು. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು. 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಜನ ಬರಬೇಕು. ನಮ್ಮ ಕನ್ನಡದವರಲ್ಲಿ ಅನೇಕರು ಹೋಗುತ್ತಿರಲಿಲ್ಲ. ಸೋಮಾರಿತನ ಎಂದು ನಾನೂ ಬೈದಿದ್ದೆ. ಆಮೇಲೆ ಗೊತ್ತಾಯಿತು, ನೋಟೀಸು ಮಲಯಾಳದಲ್ಲಿ, ಚರ್ಚೆ ಮಲಯಾಳದಲ್ಲಿ, ಫಾರಂ ಮಲಯಾಳದಲ್ಲಿ. ಮಾತು ಅರ್ಥವಾದರೂ ಓದಲು ಬಾರದ ಹಿರಿಯರು ಅಲ್ಲಿ ಹೋಗಿ ಎಂತ ಮಾಡುವುದು? ರುಜು ಹಾಕಿ ಚಾ ಕುಡಿದು ಬರುವುದು. ಸಂವಿಧಾನದ 350ನೇ ವಿಧಿಯಲ್ಲಿ ಒಂದು ಮಾತುಂಟು. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಲು ಪ್ರತಿಯೊಬ್ಬರಿಗೂ ಹಕ್ಕು. ಅದನ್ನು ಹಿಡಿದುಕೊಂಡು ನಾವು ಕೆಲವರು ಕನ್ನಡದಲ್ಲೇ ಅರ್ಜಿ ಬರೆಯಲು ಶುರು ಮಾಡಿದೆವು. ಒಬ್ಬ ಮಾಸ್ತರರು ಸಭೆಯಲ್ಲಿ ಎದ್ದು, ಇದನ್ನು ಕನ್ನಡದಲ್ಲೂ ಓದಿ ಹೇಳಿ ಎಂದು ಪ್ರತಿ ಸಲ ಕೇಳುತ್ತಾರೆ. ಕೆಲವರಿಗೆ ಕಿರಿಕಿರಿ. ಆದರೆ ಈಗ ಹಿಂದಿನ ಬೆಂಚು ಖಾಲಿ ಇರುವುದಿಲ್ಲ. ಹಾಗಾಗಿ ನಿಮ್ಮ ಮೀಟಿಂಗಿಗೆ ಬಾರದವರನ್ನು ಬೈಯುವ ಮೊದಲು, ಅಲ್ಲಿ ಅವರಿಗೆ ಅರ್ಥವಾಗುವ ಮಾತು ಎಷ್ಟು ನಡೆಯುತ್ತದೆ ನೋಡಿ.

ಶಾಲೆಯಲ್ಲಿ ಕಲಿಸಿದರೆ ಸಾಲದೇ ಎಂದು ಇನ್ನೊಬ್ಬರು ಇಲ್ಲಿ ಬರೆದಿದ್ದಾರೆ. ನನ್ನ ಮಗ ಸಂವಿಧಾನದ 11 ಮೂಲಭೂತ ಕರ್ತವ್ಯಗಳನ್ನು ಬಾಯಿಪಾಠ ಹೇಳುತ್ತಾನೆ. 1976ರ 42ನೇ ತಿದ್ದುಪಡಿಯಲ್ಲಿ ಹತ್ತು, 2002ರಲ್ಲಿ ಇನ್ನೊಂದು, ಎಲ್ಲ ಸರಿ. ಹೇಳಿ ಮುಗಿಸಿ ಐಸ್‌ಕ್ಯಾಂಡಿಯ ಕವರನ್ನು ಬಸ್ಸಿನ ಕಿಟಕಿಯಿಂದ ಎಸೆದ. ಆ ಪಟ್ಟಿಯಲ್ಲಿ ತೆರಿಗೆ ಕಟ್ಟಿ ಎಂದೂ ಇಲ್ಲ, ಓಟು ಹಾಕಿ ಎಂದೂ ಇಲ್ಲ, ಗೊತ್ತಾ?

ಒಬ್ಬರಿಂದ ಏನಾಗುತ್ತದೆ ಎಂದು ಕೇಳಿದ್ದೀರಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆ ಕೇಳಿರಬಹುದು. ನಮ್ಮ ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯ ಸುತ್ತ ತನ್ನಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿ ಬರೆದವರು ಡಾ. ವೈ. ಎಸ್. ಮೋಹನ್ ಕುಮಾರ್ ಎಂಬ ಹಳ್ಳಿ ಡಾಕ್ಟರು. ಪೆರಿಯದ ಕಡೆ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರೆ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ದೇಶಕ್ಕೆಲ್ಲ ಅನ್ವಯಿಸುವ ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಡಾಕ್ಟರು ಮಾಡಿದ್ದು ತನ್ನ ಕೆಲಸವನ್ನೇ, ಕಣ್ಣು ಬಿಟ್ಟು. ಕಂಡದ್ದನ್ನು ಬರೆದಿಟ್ಟರು, ಬರೆದದ್ದನ್ನು ಮುಚ್ಚಿಡಲಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿಗೆ ನಾನು ಹೇಳುವುದು ಒಂದೇ. ಈ ತಿಂಗಳ ಮೇಂಟೆನೆನ್ಸ್ ಲೆಕ್ಕವನ್ನು, ಟ್ಯಾಂಕರ್ ನೀರಿಗೆ ಎಷ್ಟು, ಲಿಫ್ಟಿಗೆ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಲಿಫ್ಟಿನ ಪಕ್ಕ ಅಂಟಿಸಿ. ನಿಮ್ಮದೇ ಏನಾದರೂ ಬಾಕಿ ಇದ್ದರೆ ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಎರಡು ದಿನದಲ್ಲಿ ಯಾರಾದರೂ ಕಿತ್ತು ಹಾಕಿದರೆ ಇನ್ನೊಂದು ಅಂಟಿಸಿ, ಮತ್ತೆ ಇಲ್ಲಿ ಬಂದು ತಿಳಿಸಿ. ಕಟ್ಟದ ಕೆಲಸ ಮುಗಿದ ಮೇಲೆ ನೋಡುತ್ತೇನೆ.